ನೀರಿಗೆ ಬಂದ ಕಾಯಿಲೆ

ಸಂಶೋಧನಾ ಕೇಂದ್ರದ ಎರಡನೆಯ ಮಹಡಿಯಲ್ಲಿ, ಕಾರಿಡಾರಿನ ತುದಿಯ ಕೋಣೆಯ ಬಾಗಿಲನ್ನು ದಿನವೂ ಎಲ್ಲರಿಗಿಂತ ಮೊದಲು ತೆಗೆಯುತ್ತಿದ್ದವಳನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಖಾಲಿಯಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದವರು ಇದೆಂಥ ಹೆಸರು ಎಂದು ಹುಬ್ಬೇರಿಸಿದರೆ ಅವಳೇ ನಕ್ಕು, "ಒಂದು ದಿನ ನನ್ನ ಪಕ್ಕ ಕೂತ್ಕೊಳ್ಳಿ, ಗೊತ್ತಾಗತ್ತೆ" ಎನ್ನುತ್ತಿದ್ದಳು.

ಕೂತವರಿಗೆ ಗೊತ್ತಾಗುತ್ತಿತ್ತು. ಆ ಕೋಣೆಯ ತುಂಬ ಒಂದೇ ಯಂತ್ರ, ಅದಕ್ಕೆ ಎರಡು ಭಾಗ. ಮೊದಲನೆಯದರಲ್ಲಿ ಬೆರಳುದ್ದದ ಉಕ್ಕಿನ ಕೊಳವೆ, ಅದು ಕಾಲಮ್. ರಕ್ತದ ತಿಳಿಯನ್ನು ದ್ರಾವಣದ ಜೊತೆ ಅದರೊಳಗೆ ನೂಕಿದರೆ, ಅದರಲ್ಲಿ ಬೆರೆತಿದ್ದ ನೂರೆಂಟು ವಸ್ತುಗಳು ಬಸ್ಸಿನಿಂದ ಇಳಿಯುವ ಜನರ ಹಾಗೆ, ಒಂದೊಂದೂ ತನ್ನ ತನ್ನ ಹೊತ್ತಿಗೆ ಹೊರಗೆ ಬರುತ್ತಿದ್ದವು. ಎರಡನೆಯ ಭಾಗ ಮಾಸ್ ಸ್ಪೆಕ್ಟ್ರೋಮೀಟರು. ಅದು ಇಳಿದವರನ್ನೆಲ್ಲ ಹಿಡಿದು ನಿಲ್ಲಿಸಿ ತೂಕ ನೋಡುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ನೆಲಕ್ಕಂಟಿ ಸಾಗುತ್ತ ಸಾಗುತ್ತ, ಯಾವುದಾದರೂ ವಸ್ತು ಬಂದ ಕೂಡಲೇ ಗುಡ್ಡದ ಹಾಗೆ ಏಳುತ್ತಿತ್ತು. ಆ ಗುಡ್ಡಕ್ಕೆ ಪೀಕು ಅನ್ನುವುದು ಲ್ಯಾಬಿನ ಮಾತು.

ಖಾಲಿಯಕ್ಕ ಬೆಳಿಗ್ಗೆ ಬಂದವಳೇ ಮೊದಲು ಯಾರ ರಕ್ತವೂ ಇಲ್ಲದ ಬರೀ ದ್ರಾವಣವನ್ನು ಓಡಿಸುತ್ತಿದ್ದಳು. ಅದಕ್ಕೆ 'ಖಾಲಿ' ಎಂದು ಹೆಸರು. ಗೆರೆ ಮಲಗಿಯೇ ಇದ್ದರೆ ಯಂತ್ರ ಶುಚಿಯಾಗಿದೆ. ಗುಡ್ಡ ಎದ್ದರೆ ನಿನ್ನೆಯದು ಎಲ್ಲೋ ಅಂಟಿಕೊಂಡಿದೆ, ತೊಳೆಯಬೇಕು. ತೊಳೆದು ಮತ್ತೆ ಖಾಲಿ ಓಡಿಸಬೇಕು. ಎಷ್ಟೇ ಅವಸರವಿರಲಿ, ಯಾರೇ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳಲಿ, "ಮೊದಲು ಖಾಲಿ" ಎಂದುಬಿಟ್ಟರೆ ಮುಗಿಯಿತು, ಅವಳು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ.

ಈ ಪಾಠ ಹೇಳಿಕೊಟ್ಟವರು ಸರ್. ಕೇಂದ್ರಕ್ಕೆಲ್ಲ ಹಿರಿಯರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಅವಳು ಕಾಲೇಜು ಮುಗಿಸಿ ಬಂದ ಹೊಸತರಲ್ಲಿ, "ನೋಡಮ್ಮಾ, ಯಂತ್ರ ಸುಳ್ಳು ಹೇಳಲ್ಲ. ಆದ್ರೆ ಅದಕ್ಕೆ ನಾವೇ ಸುಳ್ಳು ತಿನ್ನಿಸಿರ್ತೀವಿ. ಮೊದಲು ಖಾಲಿ ನೋಡು" ಎಂದಿದ್ದರು. ಅವಳ ತಾಯಿ ತೀರಿಕೊಂಡಾಗ ಅವಳ ಸ್ಯಾಂಪಲ್‌ಗಳನ್ನೆಲ್ಲ ತಾವೇ ಕೂತು ಓಡಿಸಿ, ಅದನ್ನು ಯಾರಿಗೂ ಹೇಳದೆ, ಅವಳು ಹಿಂತಿರುಗಿದಾಗ ಫಲಿತಾಂಶವನ್ನು ಮೇಜಿನ ಮೇಲಿಟ್ಟು ಹೋಗಿದ್ದರು. ಯಂತ್ರದ ಸಲುವಾಗಿ ಆ ಕೋಣೆಯಲ್ಲಿ ಸದಾ ಚಳಿ. ಎ.ಸಿ. ಗಾಳಿ ನೇರ ಅವಳ ಕತ್ತಿಗೇ ಬಡಿಯುತ್ತದೆಂದು ಕಂಡು, ಒಂದು ದಿನ ಸ್ಟೂಲು ಹತ್ತಿ, ಪೆಟ್ಟಿಗೆಯ ರಟ್ಟು ಕತ್ತರಿಸಿ ಗಾಳಿಯ ಬಾಯಿಗೆ ಅಡ್ಡ ಅಂಟಿಸಿದವರೂ ಅವರೇ. ರಟ್ಟು ಹಳದಿ ತಿರುಗಿತ್ತು, ಟೇಪನ್ನು ಅವಳು ಎಷ್ಟೋ ಸಲ ಬದಲಾಯಿಸಿದ್ದಳು, ಆದರೆ ರಟ್ಟು ಅದೇ.

ಅಂಥ ಸರ್‌ಗೆ ಈ ವಯಸ್ಸಿನಲ್ಲಿ ಒಂದು ಕೂಸು ಹುಟ್ಟಿತ್ತು. ಹಾಗೆಂದು ಅವರೇ ಹೇಳುತ್ತಿದ್ದರು. ಮೂತ್ರಪಿಂಡದ ಕಾಯಿಲೆಯವರ ರಕ್ತದಲ್ಲಿ, ಆರೋಗ್ಯವಂತರ ರಕ್ತದಲ್ಲಿಲ್ಲದ ಒಂದು ಪೀಕು ಸಿಕ್ಕಿತ್ತು. ಕಾಯಿಲೆ ಹೆಚ್ಚಿದಷ್ಟೂ ಪೀಕೂ ಎತ್ತರ. ಯಾವ ಪುಸ್ತಕದಲ್ಲೂ ಇಲ್ಲದ ವಸ್ತು. "ನಮ್ಮ ಕೂಸು ಇವತ್ತು ಹೇಗಿದೆ?" ಎಂದು ಕೇಳಿಕೊಂಡೇ ಸರ್ ಒಳಗೆ ಬರುತ್ತಿದ್ದರು. ಆ ಕೆಲಸದಲ್ಲೇ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳಿಗೆ ಬಾಯಿಬಡಕಿ ಎಂಬ ಬಿರುದು. "ಸರ್, ಕೂಸು ಹಾಲು ಕುಡಿದು ಮಲಗಿದೆ" ಎನ್ನುವ ಧೈರ್ಯ ಇಡೀ ಕೇಂದ್ರದಲ್ಲಿ ಅವಳೊಬ್ಬಳಿಗೇ.

ಅದರ ಮೇಲೆ ಇನ್ನೊಂದು ನಡೆಯಿತು. ಆರೋಗ್ಯವಂತರೆಂದು ರಕ್ತ ಕೊಟ್ಟವರಲ್ಲಿ ಒಬ್ಬಳೇ ಒಬ್ಬಳ ರಕ್ತದಲ್ಲಿ ಪೀಕು ಕಾಣಿಸಿತು. ಸರ್ ಕುಣಿದಾಡುವುದೊಂದು ಬಾಕಿ. "ನೋಡಿದ್ರಾ! ಈಕೆಗೆ ಕಾಯಿಲೆ ಶುರುವಾಗಿದೆ, ಆದ್ರೆ ಈಕೆಗೇ ಗೊತ್ತಿಲ್ಲ. ನಮ್ಮ ಕೂಸಿಗೆ ಗೊತ್ತಾಗಿದೆ!" ಆಕೆಯನ್ನು ಕರೆಸಿ, ಆಸ್ಪತ್ರೆಯ ಮಾಮೂಲಿ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಎಲ್ಲವೂ ಸರಿಯಾಗಿದ್ದವು. "ಸರಿಯಾಗೇ ಇರತ್ತೆ. ಮೊದಲೇ ಕಂಡುಹಿಡಿಯೋದು ಅಂದ್ರೆ ಇದೇ ಅಲ್ವಾ?" ಎಂದರು ಸರ್. ಬರುವ ವಾರ ಸಭಾಂಗಣದಲ್ಲಿ ಆಸ್ಪತ್ರೆಯವರು, ಪತ್ರಿಕೆಯವರು ಎಲ್ಲರ ಮುಂದೆ ಘೋಷಣೆ. ಆಮೇಲೆ ಊರಿನ ಸಾವಿರಾರು ಜನರ ರಕ್ತ ಪರೀಕ್ಷೆ. ಆ ಒಬ್ಬಳು ಹೆಂಗಸಿಗೆ ಮುಂದಿನ ಸಾಲಿನಲ್ಲಿ ಕುರ್ಚಿ.

ಆ ಒಬ್ಬಳು ಹೆಂಗಸು ಖಾಲಿಯಕ್ಕನ ಅತ್ತಿಗೆ.

*

ಅಣ್ಣ ಅತ್ತಿಗೆ ಇದ್ದ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಖಾಲಿಯಕ್ಕನ ವಾಸ. ಊಟ ಕೆಳಗೆ, ಎಲ್ಲರೂ ಒಟ್ಟಿಗೆ. ಕಾಯಿಲೆಯ ಸುದ್ದಿ ಬಂದ ಮೇಲೆ ಅತ್ತಿಗೆ ಅಡುಗೆಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದಳು. ತನ್ನ ತಟ್ಟೆಗೆ ಮಾತ್ರ ಹಾಕದೆ ಬಿಟ್ಟಿದ್ದರೆ ಒಂದು ಮಾತು, ಮನೆಗೆಲ್ಲ ಬಿಟ್ಟಿದ್ದಳು.

"ಇದನ್ನ ತಿಂದು ಬದುಕೋದಕ್ಕಿಂತ ಕಾಯಿಲೆಯೇ ವಾಸಿ ಕಣೇ" ಎಂದು ಅಣ್ಣ ಗೊಣಗಿದ.

"ಹೂಂ, ನಿಮಗೇನು. ನಾನು ಹೋದ ಮೇಲೆ ಉಪ್ಪಿನ ಡಬ್ಬ ಮಡಿಲಲ್ಲಿ ಇಟ್ಕೊಂಡು ಕೂತ್ಕೊಳ್ಳಿ" ಎಂದಳು ಅತ್ತಿಗೆ. ಹೇಳುವಾಗ ನಗುವಿತ್ತು. ಹೇಳಿಯಾದ ಮೇಲೆ ಕಣ್ಣು ತುಂಬಿತು.

ಎರಡು ದಿನದ ಹಿಂದೆ ಅತ್ತಿಗೆ ತನ್ನ ಒಳ್ಳೆಯ ಸೀರೆಗಳನ್ನು ಹೊರತೆಗೆದು, ಯಾವುದು ಯಾರಿಗೆ ಎಂದು ಮಂಚದ ಮೇಲೆ ಗುಡ್ಡೆ ಹಾಕಿದ್ದನ್ನು ಖಾಲಿಯಕ್ಕ ನೋಡಿದ್ದಳು. ಒಂದು ಗುಡ್ಡೆ ತನಗೂ ಇತ್ತು. ಅದರಲ್ಲಿ ನೀಲಿ ಸೀರೆಯನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದಳು ಅತ್ತಿಗೆ, ಅದರ ಮೇಲೆ ಖಾಲಿಯಕ್ಕನಿಗೆ ಕಣ್ಣಿದೆ ಎಂದು ಯಾವತ್ತೋ ಗಮನಿಸಿಟ್ಟುಕೊಂಡು. ಸಾಯುವ ಭಯದಲ್ಲೂ ಇಂಥದ್ದನ್ನು ನೆನಪಿಡುವ ಜೀವ ಅದು.

ಊಟವಾದ ಮೇಲೆ ತಟ್ಟೆ ಒರೆಸುತ್ತ ಅತ್ತಿಗೆ ಹೇಳಿದಳು, "ಆವತ್ತು ರಕ್ತ ಕೊಡೋಕೆ ಹೋದಾಗ್ಲೇ ನನಗೆ ಅನುಮಾನ ಬಂದಿತ್ತು ಪುಟ್ಟಿ."

"ಏನಂತ ಅತ್ತಿಗೆ?"

"ನಾನು ಹೋಗೋದು ತಡವಾಯ್ತಲ್ಲ. ಬಸ್ಸಲ್ಲಿ ಯಾರೋ ಹುಡುಗಿಯ ಮಗು ವಾಂತಿ ಮಾಡ್ಕೊಂಡಿತ್ತು ಅಂತ ಇಳಿದು ಮುಖ ತೊಳೆಸಿ ಕೂತಿದ್ದೆ. ಅಷ್ಟೊತ್ತಿಗೆ ನಿಮ್ಮಲ್ಲಿ ಟ್ಯೂಬೆಲ್ಲಾ ಮುಗಿದಿತ್ತು. ಉಳಿದೋರಿಗೆಲ್ಲ ಹಳದಿ ಮುಚ್ಚಳದ ಟ್ಯೂಬು, ನನಗೊಬ್ಬಳಿಗೆ ಕೆಂಪು. ರಕ್ತ ತೆಗೆಯೋಕೆ ಆಸ್ಪತ್ರೆಯಿಂದ ಬಂದಿದ್ದ ಸಿಸ್ಟರ್ ತನ್ನ ಕೋಟಿನ ಜೇಬಿಂದ ತೆಗೆದ್ಳು. ಮಲಮಕ್ಕಳಿಗೆ ಬಡಿಸೋ ಹಾಗೆ ನನಗೇ ಯಾಕೆ ಬೇರೆ ಅಂತ ಅವತ್ತೇ ಅಂದ್ಕೊಂಡೆ. ಕೆಂಪು ಅಂದ್ರೆ ಅಪಾಯ ತಾನೇ?"

ಖಾಲಿಯಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಅತ್ತಿಗೆ, ಇನ್ನೊಂದ್ಸಲ ಹೇಳಿ. ಕೆಂಪು ಮುಚ್ಚಳ?"

"ಕಣ್ಣಿಗೆ ರಾಚೋ ಕೆಂಪು. ಯಾಕೆ?"

ಆರೋಗ್ಯವಂತರ ರಕ್ತವನ್ನೆಲ್ಲ ತೆಗೆದದ್ದು ಕೇಂದ್ರದಲ್ಲಿ, ಕೇಂದ್ರ ತರಿಸಿದ ಹಳದಿ ಮುಚ್ಚಳದ ಟ್ಯೂಬಿನಲ್ಲಿ. ರೋಗಿಗಳ ರಕ್ತವನ್ನೆಲ್ಲ ತೆಗೆದದ್ದು ಆಸ್ಪತ್ರೆಯಲ್ಲಿ, ಆಸ್ಪತ್ರೆಯ ಕೆಂಪು ಮುಚ್ಚಳದ ಟ್ಯೂಬಿನಲ್ಲಿ. ಕೆಳಗಿನ ಮಹಡಿಯಲ್ಲಿ ಬೇರ್ಪಡಿಸಿ ಲ್ಯಾಬಿಗೆ ಬರುವ ಹೊತ್ತಿಗೆ ತಿಳಿಯೆಲ್ಲ ಒಂದೇ ಬಗೆಯ ಸಣ್ಣ ಸೀಸೆಗಳಲ್ಲಿರುತ್ತಿತ್ತು. ಮುಚ್ಚಳದ ಬಣ್ಣವನ್ನು ಯಾರು ನೋಡಿದ್ದರು? ಖಾಲಿಯನ್ನೇನೋ ದಿನವೂ ಓಡಿಸಿದ್ದಳು. ಆದರೆ ಅವಳ ಖಾಲಿ ಶುರುವಾಗುತ್ತಿದ್ದದ್ದು ಸೀಸೆಯಿಂದ. ರಕ್ತ ಶುರುವಾಗುತ್ತಿದ್ದದ್ದು ಟ್ಯೂಬಿನಿಂದ. ಮೊದಲ ಅರ್ಧ ದಾರಿಯನ್ನು ಯಾರೂ ಖಾಲಿಯಾಗಿ ನಡೆದು ನೋಡಿರಲಿಲ್ಲ.

"ಅತ್ತಿಗೆ, ನಾಳೆ ಒಂದು ದಿನ ತಾಳಿ. ಸೀರೆ ಯಾರಿಗೂ ಕೊಡಬೇಡಿ" ಎಂದಷ್ಟೇ ಹೇಳಿ ಅವಳು ಮೆಟ್ಟಿಲು ಹತ್ತಿದಳು.

*

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ವಾರ್ಡಿಗೆ ಹೋಗಿ ಅದೇ ಸಿಸ್ಟರ್‌ನ ಮುಂದೆ ನಿಂತಳು. "ಕೆಂಪು ಮುಚ್ಚಳದ ಟ್ಯೂಬ್ ಒಂದಷ್ಟು ಬೇಕಿತ್ತು. ಖಾಲಿದು."

"ಖಾಲಿಯಕ್ಕನಿಗೆ ಖಾಲಿ ಟ್ಯೂಬು!" ಸಿಸ್ಟರ್ ನಕ್ಕಳು. "ಯಾರ ರಕ್ತ ಹೀರ್ತೀರಿ?"

"ಯಾರದ್ದೂ ಅಲ್ಲ, ನೀರು ತುಂಬಿಸ್ತೀನಿ."

ಸಿಸ್ಟರ್ ಹೆಚ್ಚು ಕೆದಕಲಿಲ್ಲ. ಒಡೆಯದ ಪೊಟ್ಟಣವನ್ನೇ ಕೊಟ್ಟಳು. ಕೊಡುವಾಗ ಖಾಲಿಯಕ್ಕ ಇನ್ನೊಂದು ಮಾತು ಕೇಳಿದಳು, "ಈ ಟ್ಯೂಬ್ ತೆಗೆದ ಮೇಲೆ ನಮ್ಮ ಗಾಡಿ ಬರೋ ತನಕ ಎಲ್ಲಿರತ್ತೆ?"

"ಹೊರರೋಗಿಗಳದ್ದು ಕೂಡಲೇ ಹೋಗತ್ತೆ, ಗಾಡಿ ಬಾಗಿಲಲ್ಲೇ ಇರತ್ತಲ್ಲ. ವಾರ್ಡಲ್ಲಿರೋರದ್ದು ಬೆಳಿಗ್ಗೆ ತೆಗೆದಿದ್ದು, ಮಧ್ಯಾಹ್ನ ಗಾಡಿ ಬರೋವರೆಗೂ ಟ್ರೇಯಲ್ಲೇ ಕೂತಿರತ್ತೆ ಪಾಪ."

ವಾರ್ಡಿನಲ್ಲಿರುವವರು ಎಂದರೆ ಕಾಯಿಲೆ ಜಾಸ್ತಿಯಾದವರು. ಹೆಚ್ಚು ಕಾಯಿಲೆ, ಟ್ಯೂಬಿನಲ್ಲಿ ಹೆಚ್ಚು ಹೊತ್ತು, ಪೀಕು ಹೆಚ್ಚು ಎತ್ತರ. ಖಾಲಿಯಕ್ಕ ಬಸ್ಸಿನಲ್ಲಿ ಕೂತಾಗ ಪೊಟ್ಟಣವನ್ನು ಮೊಟ್ಟೆಯ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದಳು.

ಲ್ಯಾಬಿನಲ್ಲಿ ಹಳದಿ ಟ್ಯೂಬಿಗೂ ಕೆಂಪು ಟ್ಯೂಬಿಗೂ ಶುದ್ಧ ನೀರು ತುಂಬಿದಳು. ಕೆಲವನ್ನು ಕೂಡಲೇ ತೆಗೆದಳು, ಕೆಲವನ್ನು ಮಧ್ಯಾಹ್ನದವರೆಗೆ ಹಾಗೇ ಬಿಟ್ಟಳು. ರಕ್ತಕ್ಕೆ ಮಾಡುವ ಉಪಚಾರವನ್ನೆಲ್ಲ ನೀರಿಗೂ ಮಾಡಿದಳು: ಅದೇ ದ್ರಾವಣ ಬೆರೆಸಿ, ಅದೇ ಚಕ್ರದಲ್ಲಿ ಗಿರಗಿರ ತಿರುಗಿಸಿ, ಅದೇ ಸೀಸೆಗೆ ತುಂಬಿ, ಯಂತ್ರದ ತಟ್ಟೆಯಲ್ಲಿಟ್ಟಳು.

ಹಳದಿ ಟ್ಯೂಬಿನ ನೀರಿಗೆ ಗೆರೆ ಏಳಲೇ ಇಲ್ಲ.

ಕೆಂಪು ಟ್ಯೂಬಿನ ನೀರಿಗೆ, ಕೂಸು ಬರಬೇಕಾದ ಹೊತ್ತಿಗೆ ಸರಿಯಾಗಿ, ಗೆರೆ ಎದ್ದು ನಿಂತಿತು. ಅದೇ ತೂಕ. ಯಂತ್ರದೊಳಗೆ ಆ ವಸ್ತುವನ್ನು ಒಡೆದು ನೋಡಿದರೂ ಅವೇ ಚೂರುಗಳು. ಮಧ್ಯಾಹ್ನದವರೆಗೆ ಕೂತಿದ್ದ ನೀರಿನಲ್ಲಂತೂ ಪೀಕು ಪರದೆಯ ನೆತ್ತಿ ಮುಟ್ಟಿತ್ತು. ಕೆಂಪು ಟ್ಯೂಬಿನಿಂದ, ಬಹುಶಃ ಅದರ ರಬ್ಬರ್ ಮುಚ್ಚಳದಿಂದಲೇ, ಏನೋ ನೀರಿಗೆ ಬಿಡುತ್ತಿತ್ತು.

ಬಾಯಿಬಡಕಿ ಚಹಾದ ಲೋಟ ಹಿಡಿದುಕೊಂಡು ಬಂದವಳು ಇಣುಕಿದಳು. "ಅಬ್ಬಾ! ಇದು ಯಾರಕ್ಕಾ? ಪಾಪ, ಕಾಯಿಲೆ ಜೋರಾಗಿದೆ."

"ನೀರು."

"ಅಂದ್ರೆ?"

"ಅಂದ್ರೆ ನೀರು ಕಣೇ. ನೀನು ಕುಡಿಯೋ ನೀರು. ಅದರ ಎರಡು ಮೂತ್ರಪಿಂಡವೂ ಹೋಗಿವೆ."

ಕೇಂದ್ರದಲ್ಲಿ ಯಾರೂ ಕಾಣದ ದೃಶ್ಯವೊಂದು ಆಗ ನಡೆಯಿತು. ಬಾಯಿಬಡಕಿ ಬಾಯಿ ತೆರೆದು, ಏನೂ ಹೇಳದೆ, ಮುಚ್ಚಿದಳು. ಆಮೇಲೆ ಲೋಟವನ್ನು ಖಾಲಿಯಕ್ಕನ ಕೈಗೆ ಕೊಟ್ಟು ಮೆಲ್ಲಗೆ ಅಂದಳು, "ನನ್ನ ಪಿಎಚ್‌ಡಿ ಇದರ ಮೇಲೇ ಇದೆಯಲ್ಲಕ್ಕಾ."

"ಗೊತ್ತು."

"ನೀವು ಕುಡೀರಿ ಚಹಾ. ನನಗೆ ಬೇಡ." ಅವಳು ಹೋದಳು. ಚಹಾಕ್ಕೆ ಸಕ್ಕರೆ ಖಾಲಿಯಕ್ಕನ ಅಳತೆಯಲ್ಲೇ ಇತ್ತು. ಅದನ್ನು ಅವಳು ತನಗೆಂದು ತಂದೇ ಇರಲಿಲ್ಲ.

*

ಸರ್ ಗ್ರಾಫುಗಳನ್ನು ಒಂದೊಂದಾಗಿ ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಯಂತ್ರದಲ್ಲಿ ಹಿಂದಿನ ಸ್ಯಾಂಪಲ್ ಅಂಟಿಕೊಂಡಿರತ್ತೆ" ಎಂದರು.

"ಮಧ್ಯೆ ಮಧ್ಯೆ ಖಾಲಿ ಓಡಿಸಿದ್ದೀನಿ ಸರ್. ಅದರಲ್ಲಿಲ್ಲ."

"ಈ ಟ್ಯೂಬಿನ ಪೊಟ್ಟಣವೇ ಕೆಟ್ಟಿರಬಹುದು."

"ಇರಬಹುದು. ಬೇರೆ ಪೊಟ್ಟಣ ತರ್ತೀನಿ. ಅದೂ ಹೀಗೇ ಬಂದ್ರೆ ಸರ್?"

ಸರ್ ಕಿಟಕಿಯ ಕಡೆಗೆ ತಿರುಗಿದರು. ಅವರ ಮೇಜಿನ ಮೇಲೆ ಆಮಂತ್ರಣ ಪತ್ರಗಳ ಕಟ್ಟು ಇತ್ತು. "ನೋಡಮ್ಮಾ, ಎಲ್ಲರಿಗೂ ಹೇಳಿ ಆಗಿದೆ. ಈಗ ಬೇಡ ಅಂದ್ರೆ ಮುಖ ಎಲ್ಲಿಡ್ಲಿ? ಘೋಷಣೆ ಮುಗೀಲಿ. ಆಮೇಲೆ ನಿಧಾನವಾಗಿ ಈ ನೀರಿನ ವಿಷಯ ನೋಡೋಣ. ಈಗ ಇಲ್ಲೊಂದು ಸಹಿ ಹಾಕು. ಯಂತ್ರ ನಡೆಸಿದವಳು ನೀನು, ಅಂಕಿಗಳು ಸರಿಯಿವೆ ಅಂತ ನಿನ್ನ ಸಹಿ ಬೇಕು."

"ಅಂಕಿಗಳು ಸರಿಯಿವೆ ಸರ್. ಅರ್ಥ ಸರಿಯಿಲ್ಲ. ಸಹಿ ಹಾಕಲ್ಲ."

"ಹಟ ಮಾಡಬೇಡ."

"ನಮ್ಮತ್ತಿಗೆ ಸೀರೆ ಹಂಚೋಕೆ ಕೂತಿದ್ದಾರೆ ಸರ್. ಇದು ಊರಿಗೆಲ್ಲ ಹೋದ್ರೆ ಇನ್ನೆಷ್ಟು ಜನ ಹಂಚ್ತಾರೋ. ಒಂದು ರಬ್ಬರ್ ಮುಚ್ಚಳಕ್ಕೆ ಹೆದರಿಕೊಂಡು."

ಸರ್ ಮುಖ ಕೆಂಪಾಯಿತು. "ನಾನು ಹೇಳಿಕೊಟ್ಟ ವಿದ್ಯೇನ ನನಗೇ ತಿರುಗಿಸ್ತೀಯಾ?"

"ಹೌದು ಸರ್. ಬೇರೆ ಯಾರಿಗೆ ತಿರುಗಿಸ್ಲಿ? ಚೆನ್ನಾಗಿ ಹೇಳಿಕೊಟ್ಟಿದ್ದೀರಿ." ಅವಳು ಗ್ರಾಫುಗಳನ್ನು ಒಟ್ಟುಮಾಡಿ ಅವರ ಮುಂದೆಯೇ ಇಟ್ಟಳು. "ಇನ್ನೊಂದು ಮಾತು ಈಗಲೇ ಹೇಳಿರ್ತೀನಿ, ಆಮೇಲೆ ಬೆನ್ನಿಗೆ ಚೂರಿ ಹಾಕಿದ್ಳು ಅನ್ನಬಾರದು. ಆವತ್ತು ಸಭೆಯಲ್ಲಿ ನೀವು ಇದನ್ನ ಹೇಳಿದ್ರೆ, ನಾನು ಎದ್ದು ಕೇಳ್ತೀನಿ."

ಸರ್ ಸಹಿಯ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. ಮತ್ತೆ ಮಾತಾಡಿದಾಗ ಇಷ್ಟು ವರ್ಷ ಇಲ್ಲದ ಬಹುವಚನ ಬಂತು. "ನಾಳೆಯಿಂದ ನೀವು ಕೆಳಗಿನ ಸ್ಟೋರ್ ನೋಡಿಕೊಳ್ಳಿ. ಯಂತ್ರದ ಕೋಣೆಯ ಬೀಗದ ಕೈ ಇಟ್ಟು ಹೋಗಿ."

ಅವಳು ಬೀಗದ ಕೈಯನ್ನು ಆಮಂತ್ರಣಗಳ ಕಟ್ಟಿನ ಮೇಲೆ ಇಟ್ಟಳು. ಬಾಗಿಲು ದಾಟುವಾಗ ಅನಿಸಿತು, ಬೈದಿದ್ದರೆ ಚೆನ್ನಾಗಿತ್ತು.

*

ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. "ಮೇಲಿನವರನ್ನ ಎದುರು ಹಾಕ್ಕೊಂಡ್ಯಾ? ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ಕೆಲಸ ಮಾಡಿದೋಳು, ಈಗ ಏನು ಬಂತು ನಿನಗೆ?"

"ಸುಮ್ಮನಿರಿ" ಎಂದಳು ಅತ್ತಿಗೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಪುಟ್ಟಿ, ಸರಿಯಾಗಿ ಹೇಳು. ನನಗೆ ಕಾಯಿಲೆ ಇಲ್ಲ?"

"ನಿಮಗೆ ಕಾಯಿಲೆ ಇದ್ರೆ ನೀರಿಗೂ ಇದೆ ಅತ್ತಿಗೆ."

"ಖಂಡಿತ?"

"ಆಸ್ಪತ್ರೆಯ ಪರೀಕ್ಷೆ ಎಲ್ಲಾ ಸರಿ ಬಂದಿತ್ತಲ್ಲ. ಕಾಯಿಲೆ ಅಂದಿದ್ದು ಆ ಟ್ಯೂಬೊಂದೇ."

ಅತ್ತಿಗೆ ಒಳಗೆ ಹೋದಳು. ಡಬ್ಬಗಳ ಸದ್ದಾಯಿತು. ಹೊರಗೆ ಬಂದವಳು ಮೂವರ ತಟ್ಟೆಯ ಅಂಚಿನಲ್ಲೂ ಧಾರಾಳವಾಗಿ ಉಪ್ಪು ಬಡಿಸಿದಳು. ಅಣ್ಣ ತಟ್ಟೆಗೆ ಕೈಯಿಟ್ಟವನು ಮೊದಲ ತುತ್ತಿಗೇ ಕಣ್ಣು ಮುಚ್ಚಿಕೊಂಡ. ಸುಖಕ್ಕೋ ಭಯಕ್ಕೋ ಅವನಿಗೇ ಗೊತ್ತು.

"ಹಾಗಾದ್ರೆ ಆ ಮುಂದಿನ ಸಾಲಿನ ಕುರ್ಚಿಗೆ ಹೋಗೋದು ಬೇಡ ಅಲ್ವಾ?" ಎಂದ.

"ಯಾಕೆ ಬೇಡ? ಕರೆದಿದ್ದಾರೆ, ಹೋಗ್ತೀನಿ. ಇವಳು ಎದ್ದು ನಿಂತಾಗ ನಮ್ಮೋರು ಅಂತ ಒಬ್ಬರಾದ್ರೂ ಇರ್ಬೇಡ್ವಾ? ಪುಟ್ಟಿ, ಆ ನೀಲಿ ಸೀರೆ ನೀನು ಉಟ್ಕೋ. ನಾನು ಸತ್ತ ಮೇಲೆ ಅಂತ ಕಾಯಬೇಡ."

*

ಸಭಾಂಗಣದಲ್ಲಿ ಕುರ್ಚಿಗಳು ತುಂಬಿದ್ದವು. ಆಸ್ಪತ್ರೆಯವರು ಒಂದು ಕಡೆ, ಪತ್ರಿಕೆಯವರು ಇನ್ನೊಂದು ಕಡೆ, ಕೇಂದ್ರದವರು ಹಿಂದೆ. ಖಾಲಿಯಕ್ಕ ನೀಲಿ ಸೀರೆಯಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದಳು. ಅಕ್ಕಪಕ್ಕದ ಎರಡು ಕುರ್ಚಿ ಖಾಲಿ. ಸುದ್ದಿ ಹೇಗೋ ಹರಡಿತ್ತು. ಜೊತೆಗೆ ಕೂತರೆ ತಮಗೂ ಸ್ಟೋರು ಗಟ್ಟಿ ಎಂದು ಸಹೋದ್ಯೋಗಿಗಳು ದೂರ ಉಳಿದಿದ್ದರು. ವಾರ್ಡಿನ ಸಿಸ್ಟರ್ ಮಾತ್ರ ತಡವಾಗಿ ಬಂದವಳು ಸುತ್ತ ನೋಡಿ, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿ ಪಕ್ಕದಲ್ಲೇ ಕೂತಳು.

ಸರ್ ಚೆನ್ನಾಗಿ ಮಾತಾಡಿದರು. ಅವರು ಯಾವಾಗಲೂ ಚೆನ್ನಾಗಿಯೇ ಮಾತಾಡುವವರು. ಬಾಯಿಬಡಕಿ ಕಂಪ್ಯೂಟರಿನ ಮುಂದೆ ಕೂತು ಚಿತ್ರಗಳನ್ನು ಒಂದೊಂದಾಗಿ ಪರದೆಗೆ ಬಿಡುತ್ತಿದ್ದಳು. ಆರೋಗ್ಯವಂತರ ಮಲಗಿದ ಗೆರೆಗಳು, ರೋಗಿಗಳ ಗುಡ್ಡಗಳು. ಕೊನೆಗೆ ಸರ್ ಮುಂದಿನ ಸಾಲಿನ ಕಡೆ ಕೈ ತೋರಿದರು. "ಇವರು ಆರೋಗ್ಯವಾಗಿ ಕಾಣ್ತಾರೆ. ಆದರೆ ನಮ್ಮ ಪರೀಕ್ಷೆ..."

ಖಾಲಿಯಕ್ಕ ಎದ್ದು ನಿಂತಳು. "ಸರ್, ಒಂದು ಪ್ರಶ್ನೆ."

"ಪ್ರಶ್ನೆಗಳು ಕೊನೆಗೆ" ಎಂದ ಯಾರೋ ಸಂಘಟಕ.

"ಕೊನೆಗೆ ಕೇಳಿದ್ರೆ ತಡವಾಗತ್ತೆ. ಸರ್, ಟ್ಯೂಬಿನ ಖಾಲಿ ಓಡಿಸಿದ್ರಾ?"

ಸಭೆ ತಿರುಗಿ ನೋಡಿತು. ಪತ್ರಿಕೆಯವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು, "ರಕ್ತವೇ ಇಲ್ಲದ ಟ್ಯೂಬಿಗೆ ಬರೀ ನೀರು ತುಂಬಿಸಿ ಪರೀಕ್ಷೆ ಮಾಡಿದ್ರಾ ಅಂತ. ಆಸ್ಪತ್ರೆಯ ಟ್ಯೂಬೇ ಬೇರೆ, ನಮ್ಮ ಟ್ಯೂಬೇ ಬೇರೆ. ಕಾಯಿಲೆಯ ವ್ಯತ್ಯಾಸವೋ ಮುಚ್ಚಳದ ವ್ಯತ್ಯಾಸವೋ ನೋಡದೆ ಊರಿನ ಜನರಿಗೆ ನಿಮಗೆ ಕಾಯಿಲೆ ಅಂತ ಹೇಳಬಾರದು."

"ಕೂತ್ಕೊಳ್ರೀ" ಎಂದಿತು ಒಂದು ದನಿ.

"ಕೂತ್ಕೊಳ್ಳಲ್ಲ."

ಮುಂದಿನ ಸಾಲಿನಿಂದ ಅತ್ತಿಗೆಯೂ ಎದ್ದಳು. "ನಾನೂ ಕೂತ್ಕೊಳ್ಳಲ್ಲ. ಕಾಯಿಲೆ ಅಂದಿದ್ದು ನನಗೆ. ನನಗೂ ಉತ್ತರ ಬೇಕು."

ಯಾರೋ ನಕ್ಕರು, ಇನ್ಯಾರೋ ಶ್ ಎಂದರು. ಅಷ್ಟರಲ್ಲಿ ಪರದೆ ಬದಲಾಯಿತು. ಮಲಗಿದ ಗೆರೆಯೊಂದು, ಅದರ ಕೆಳಗೆ 'ಹಳದಿ ಟ್ಯೂಬು, ನೀರು' ಎಂಬ ಬರಹ. ಪಕ್ಕದಲ್ಲಿ ನೆತ್ತಿ ಮುಟ್ಟುವ ಗುಡ್ಡ, 'ಕೆಂಪು ಟ್ಯೂಬು, ನೀರು'. ಅದರ ಪಕ್ಕ ಇನ್ನೊಂದು ಗುಡ್ಡ, 'ಕೆಂಪು ಟ್ಯೂಬು, ಎರಡನೆಯ ಪೊಟ್ಟಣ, ನೀರು'. ಆ ಎರಡನೆಯ ಪೊಟ್ಟಣವನ್ನು ಖಾಲಿಯಕ್ಕ ಓಡಿಸಿರಲಿಲ್ಲ. ಅವಳು ಪಕ್ಕಕ್ಕೆ ತಿರುಗಿದಳು. ಸಿಸ್ಟರ್ ಚಾವಣಿ ನೋಡುತ್ತಿದ್ದಳು. ಕಂಪ್ಯೂಟರಿನ ಮುಂದೆ ಬಾಯಿಬಡಕಿ, ತನ್ನ ಪಿಎಚ್‌ಡಿಯನ್ನು ತಾನೇ ಪರದೆಯ ಮೇಲೆ ಒಡೆದು ಹಾಕಿದವಳು, ಮೂಗು ಒರೆಸಿಕೊಳ್ಳುತ್ತಿದ್ದಳು.

ಸರ್ ಪರದೆಯ ಕಡೆ ನಡೆದರು. ಸಿಟ್ಟಿನಿಂದ ಅದನ್ನು ಆರಿಸಲು ಹೊರಟರೆಂದೇ ಎಲ್ಲರೂ ಅಂದುಕೊಂಡರು. ಅವರು ಹತ್ತಿರ ಹೋಗಿ, ಕನ್ನಡಕವನ್ನು ಹಣೆಗೇರಿಸಿ, ಗುಡ್ಡದ ಬುಡದ ಅಂಕಿಗಳನ್ನು ಓದಿದರು. ತೂಕ ಓದಿದರು. ಬಂದ ಹೊತ್ತು ಓದಿದರು. ಹಳೆಯ ಅಭ್ಯಾಸ ಮನುಷ್ಯನನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

"ಇದರ ಖಾಲಿ ಎಲ್ಲಿ?" ಎಂದು ಪರದೆಯನ್ನೇ ಕೇಳಿದರು.

"ಅದೇ ಖಾಲಿ ಸರ್" ಎಂದಳು ಖಾಲಿಯಕ್ಕ, ಹಿಂದಿನ ಸಾಲಿನಿಂದ.

ಸರ್ ಮೈಕಿನ ಹತ್ತಿರ ಬಂದರು. "ಇವತ್ತು ಘೋಷಣೆ ಇಲ್ಲ" ಎಂದರು. ಕಾರಣ ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಟುಹೋದರು. ಹೋಗುವಾಗ ಮುಂದಿನ ಸಾಲಿನ ಮುಂದೆ ಒಂದು ಗಳಿಗೆ ನಿಂತು, ಅತ್ತಿಗೆಗೆ ಕೈ ಮುಗಿದರು. ಅದನ್ನು ಹತ್ತಿರದವರು ಮಾತ್ರ ಕಂಡರು. ಖಾಲಿಯಕ್ಕ ದೂರದಿಂದಲೂ ಕಂಡಳು.

*

ಆಮೇಲೆ ಯಾರೂ ಅವಳನ್ನು ಮೇಲೆ ಕರೆಯಲಿಲ್ಲ. ಪತ್ರಿಕೆಗಳಲ್ಲಿ ಒಂದೆರಡು ಸಾಲು ಬಂತು. ಕಾರಿಡಾರಿನಲ್ಲಿ ಕೆಲವರು ಮುಖ ತಿರುಗಿಸಿಕೊಂಡರು. ಸರ್‌ನ ಹೆಸರು ಹಾಳು ಮಾಡಿದಳು ಎಂಬ ಮಾತು ಕಿವಿಗೆ ಬಿತ್ತು. ಸ್ಟೋರಿನ ಧೂಳಿನಲ್ಲಿ ಕೂತು ಸೀಸೆ ಜೋಡಿಸುತ್ತ ಅವಳು ಕಾದಳು. ವಾರ ಕಳೆದ ಮೇಲೆ ಕಾಯುವುದು ಸಾಕೆನಿಸಿತು.

ಒಂದು ಬೆಳಿಗ್ಗೆ, ಈಗ ಯಂತ್ರ ನೋಡಿಕೊಳ್ಳುತ್ತಿದ್ದ ಬಾಯಿಬಡಕಿಯಿಂದ ಕೋಣೆಯ ಬೀಗದ ಕೈ ಇಸಿದುಕೊಂಡು, ಎಲ್ಲರಿಗಿಂತ ಮೊದಲು ಬಾಗಿಲು ತೆಗೆದಳು. ಯಂತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಹಳದಿ ತಿರುಗಿದ ರಟ್ಟು ಮೇಲೆ ಹಾಗೇ ಇತ್ತು, ಆದರೆ ಟೇಪು ಹೊಸದು. ಅದನ್ನು ಅವಳು ಹಾಕಿರಲಿಲ್ಲ. ಮೇಲಿನ ಅಂಚಿನಲ್ಲಿ ಸ್ವಲ್ಪ ಓರೆಯಾಗಿ ಅಂಟಿಸಿದ್ದರು, ಸ್ಟೂಲು ಹತ್ತಿಯೂ ಕೈ ಎಟುಕದವರು ಅಂಟಿಸುವ ಹಾಗೆ.

ಅವಳು ಕೂತು ದ್ರಾವಣದ ಸೀಸೆ ಬದಲಾಯಿಸುತ್ತಿದ್ದಾಗ ಸರ್ ಬಾಗಿಲಲ್ಲಿ ಬಂದು ನಿಂತರು. ಕಂಕುಳಲ್ಲಿ ಒಂದು ಪೆಟ್ಟಿಗೆ.

"ನಿಮ್ಮನ್ನ ಸ್ಟೋರಿಗೆ ಹಾಕಿದ್ದೆ" ಎಂದರು.

"ಗೊತ್ತು ಸರ್. ಸ್ಟೋರಿಗೆ ಬೀಗ ಹಾಕಿ ಬಂದೆ."

"ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನನ್ನ ಕೆಲಸ ಇಲ್ಲಿದೆ. ಕಳಿಸೋದಾದ್ರೆ ಇನ್ನೊಂದ್ಸಲ ಕಳಿಸಿ. ಇನ್ನೊಂದ್ಸಲ ಬರ್ತೀನಿ."

ಸರ್ ಒಳಗೆ ಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಹಳದಿ ಮುಚ್ಚಳದ ಟ್ಯೂಬುಗಳು, ಅಂಚಿನವರೆಗೆ. "ಎಲ್ಲರ ರಕ್ತ ಮತ್ತೆ ತೆಗೀಬೇಕು. ರೋಗಿಗಳದ್ದೂ ಇದರಲ್ಲೇ. ಆ ಹುಡುಗಿಯ ಪಿಎಚ್‌ಡಿ ಹಾಳಾಗಬಾರದು, ಇದರಲ್ಲೇ ಏನಾದ್ರೂ ಸಿಗತ್ತಾ ನೋಡೋಣ. ಸಿಗದಿದ್ರೆ, ಮುಚ್ಚಳದ ಮೇಲೇ ಬರೀಲಿ."

"ಇವತ್ತೇ ಶುರು ಮಾಡೋಣ ಸರ್. ಆದ್ರೆ..."

"ಗೊತ್ತು ಕಣ್ರೀ, ಗೊತ್ತು" ಎಂದರು ಸರ್, ಗದರುವ ದನಿಯಲ್ಲೇ. ಪೆಟ್ಟಿಗೆಯಿಂದ ಒಂದು ಹೊಸ ಟ್ಯೂಬು ತೆಗೆದು, ಮೂಲೆಯ ಶುದ್ಧ ನೀರಿನ ನಲ್ಲಿಗೆ ತಾವೇ ಹಿಡಿದರು. ತುಂಬಿದ ಟ್ಯೂಬನ್ನು ಅವಳ ಮುಂದಿಟ್ಟು, ಸ್ಟೂಲು ಎಳೆದುಕೊಂಡು, ಪರದೆಯ ಮುಂದೆ ಕೂತರು.